ಎರಡು ಸುತ್ತಿಗೆಯ ಸಂಜೆ

ಕಲ್ಕತ್ತದ ಭಾದ್ರಪದದ ಸೆಕೆ ಹೇಗಿರುತ್ತೆ ಅಂತ ನಮ್ಮ ತೀರ್ಥಹಳ್ಳಿ ಕಡೆಯವರಿಗೆ ಹೇಳಿ ತಿಳಿಸೋದು ಕಷ್ಟ. ಮಳೆ ಬರುತ್ತೆ, ನಿಲ್ಲುತ್ತೆ, ನಿಂತ ಕೂಡಲೇ ರಸ್ತೆಯಿಂದ ಹಬೆ ಏಳುತ್ತೆ. ಒಣಗಲು ಹಾಕಿದ ಪಂಚೆ ಎರಡು ದಿನವಾದರೂ ಹಸಿ ಹಸಿ. ಅಂಥ ಸೆಕೆಯಲ್ಲಿ ನನ್ನ ಸೋದರಮಾವ ಬನಿಯನ್ನು ಲುಂಗಿಯಲ್ಲಿ ಅಂಬಾಸಿಡರ್ ಕಾರಿನ ಕೆಳಗೆ ಅಂಗಾತ ಮಲಗಿದ್ದರು. ನಾನು ಟಾರ್ಚು ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ನನಗಾಗ ಹದಿನಾಲ್ಕೋ ಹದಿನೈದೋ. ಆ ವರ್ಷ ಅವರ ಮನೆಯಲ್ಲೇ ಇದ್ದು ಓದುತ್ತಿದ್ದೆ.

ಮನೆ ಇದ್ದದ್ದು ಲೇಕ್ ಮಾರ್ಕೆಟ್ಟಿನ ಹಿಂದಿನ ಒಂದು ಓಣಿಯಲ್ಲಿ. ದಕ್ಷಿಣದವರು ಒತ್ತಾಗಿ ನೆಲೆಸಿದ ಜಾಗ ಅದು. ಕರಿಬೇವು, ನುಗ್ಗೆಕಾಯಿ, ಹುರಿದು ಪುಡಿ ಮಾಡಿದ ಕಾಫಿ ಎಲ್ಲ ಅಲ್ಲೇ ಸಿಗುತ್ತಿತ್ತು. ಅತ್ತೆಗೆ ಸಾಸಿವೆಎಣ್ಣೆ ವಾಸನೆ ಎಷ್ಟು ವರ್ಷವಾದರೂ ಒಗ್ಗಲಿಲ್ಲ. ಊರಿಂದ ಬಂದವರ ಕೈಲೆಲ್ಲ ತೆಂಗಿನೆಣ್ಣೆ ತರಿಸುತ್ತಿದ್ದರು.

ಕಾರು ಎರಡನೇ ಕೈಯದು. ಆದರೂ ಮಾವನಿಗೆ ಅದು ಊರಿನ ಮಗು ಇದ್ದ ಹಾಗೆ, ಯಾಕಂದರೆ ಹುಟ್ಟಿದ್ದು ಅಲ್ಲೇ ಹೂಗ್ಲಿ ದಂಡೆಯಲ್ಲಿ. ಹೌರಾದಿಂದ ಬರ್ಧಮಾನ್ ಕಡೆಯ ಲೋಕಲ್ ಹತ್ತಿದರೆ ಉತ್ತರಪಾರಾ ದಾಟಿದ ಕೂಡಲೇ ಬರುವ ಸ್ಟೇಷನ್ನಿನ ಹೆಸರೇ ಹಿಂದ್‌ಮೋಟರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅಚ್ಚಿನಲ್ಲೇ 1950ರ ದಶಕದ ಕೊನೆಗೆ ಶುರುವಾದ ಅಂಬಾಸಿಡರ್, 2014ರ ಮೇ ತಿಂಗಳಲ್ಲಿ ಕೆಲಸ ನಿಲ್ಲುವ ತನಕ ಸ್ಟೇಷನ್ನಿಗೆ ಹೆಸರು ಕೊಟ್ಟ ಅಲ್ಲಿನ ಕಾರ್ಖಾನೆಯಿಂದಲೇ ಬರುತ್ತಿತ್ತು. ಒಂದು ಭಾನುವಾರ ಮಾವ ನನ್ನನ್ನು ಲೋಕಲ್ಲಿನಲ್ಲಿ ಕರೆದುಕೊಂಡು ಹೋಗಿ, ಹೊರಗಿನಿಂದಲೇ ಕಾರ್ಖಾನೆ ಗೋಡೆ ತೋರಿಸಿಕೊಂಡು ಬಂದಿದ್ದರು. ದಾರಿಯಲ್ಲಿ ಮಣ್ಣಿನ ಕುಡಿಕೆಯಲ್ಲಿ ಕುಡಿದ ಚಹಾ ಗೋಡೆಗಿಂತ ಚೆನ್ನಾಗಿ ನೆನಪಿದೆ.

ಇರಲಿ, ಕಾರಿನ ಕೆಳಗೆ ಬರುತ್ತೇನೆ.

ರಾಸ್‌ಬಿಹಾರಿ ಅವೆನ್ಯೂನಲ್ಲಿ ಟ್ರಾಮ್ ಕಂಬಿ ದಾಟುವಾಗೆಲ್ಲ ಎಡಗಾಲಿಯಿಂದ ಟಕ್ ಟಕ್ ಸದ್ದು. ಓಣಿಯಲ್ಲಿ ಗಾಡಿ ರಿಪೇರಿ ಮಾಡುವ ಮಿಸ್ತ್ರಿ ಗಾಲಿ ಎತ್ತಿಸಿ, ಎರಡೂ ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ, "ಟೈ ರಾಡ್ ಎಂಡ್ ಹೋಗಿದೆ ದಾದಾ, ಎರಡು ಕಡೆಯದೂ ಬದಲಿಸಿ" ಅಂದಿದ್ದ. ಸ್ಟೀರಿಂಗಿನ ಸರಳನ್ನು ಗಾಲಿಯ ತೋಳಿಗೆ ಸೇರಿಸುವ ಕೀಲು ಅದು. ಮಾವ ಮಲ್ಲಿಕ್ ಬಜಾರಿಗೆ ಹೋಗಿ ಹೊಸ ಜೋಡಿ ತಂದರು. ಹಳೇ ಗಾಡಿ ಬಿಚ್ಚಿದ ಸಾಮಾನು ಬೆಟ್ಟದ ಹಾಗೆ ಒಟ್ಟಿರುವ ಬಜಾರು ಅದು. ಹಾಕುವ ಕೆಲಸ ತಾನೇ ಮಾಡುತ್ತೇನೆ ಅಂದರು. ತನ್ನ ಗಾಡಿಯ ಒಳಗು ತನಗೆ ಗೊತ್ತಿರಬೇಕು ಅನ್ನೋದು ಅವರ ಹಟ, ಆ ಹಟ ನನಗೆ ಇವತ್ತಿಗೂ ಸರಿ ಅನ್ನಿಸುತ್ತೆ.

ಮೊದಲ ಸಂಜೆ ಪೂರ್ತಿ ಸ್ಪ್ಲಿಟ್ ಪಿನ್ನಿಗೇ ಹೋಯಿತು. ನಟ್ಟು ತಿರುಗದಂತೆ ಅಡ್ಡ ತೂರಿಸಿರುವ, ಕೂದಲ ಪಿನ್ನಿನಷ್ಟೇ ಇರುವ ತಂತಿ. ಮಳೆಗಾಲಕ್ಕೆ ಎರಡು ಮೂರು ಸಲವಾದರೂ ಆ ಓಣಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು, ಕಾರು ಅದರಲ್ಲೇ ನಿಲ್ಲುತ್ತಿತ್ತು. ಪಿನ್ನು ತುಕ್ಕು ಹಿಡಿದು ನಟ್ಟಿನೊಳಗೇ ಬೆರೆತುಹೋಗಿತ್ತು. ಇಕ್ಕಳ ಹಾಕಿ ಎಳೆದರೆ ತಲೆ ಮುರಿದು ಕೈಗೆ ಬಂತು. ಉಳಿದದ್ದನ್ನು ಸಣ್ಣ ಮೊಳೆಯಿಂದ ತಟ್ಟಿ ತಟ್ಟಿ ಹೊರಗೆ ತಳ್ಳುವ ಹೊತ್ತಿಗೆ ಕತ್ತಲಾಗಿತ್ತು.

ಮಾರನೇ ಸಂಜೆ ನಟ್ಟು ಬಿಚ್ಚಿ ಪಕ್ಕಕ್ಕಿಟ್ಟು, ಕೀಲಿನ ಕಡ್ಡಿಯ ತುದಿಗೆ ಸುತ್ತಿಗೆಯಲ್ಲಿ ಬಾರಿಸತೊಡಗಿದರು. ಹತ್ತು ಏಟು, ಇಪ್ಪತ್ತು ಏಟು. ಕೀಲು ಜಪ್ಪಯ್ಯ ಅನ್ನಲಿಲ್ಲ. ತುದಿಯ ತಿರುಪು ಮಾತ್ರ ಅಣಬೆಯ ಹಾಗೆ ಅರಳಿಕೊಂಡಿತು.

ಸದ್ದಿಗೆ ಜನ ಸೇರಿದರು. ನಮ್ಮ ಕಡೆ ಜಗಲಿ ಇದ್ದ ಹಾಗೆ ಅಲ್ಲಿನ ಹಳೇ ಮನೆಗಳ ಮುಂದೆ 'ರಕ್' ಅಂತ ಕಟ್ಟೆ ಇರುತ್ತೆ. ಸಂಜೆಯಾದರೆ ಗಂಡಸರೆಲ್ಲ ಅಲ್ಲಿ. ಒಬ್ಬರು ಸೀಮೆಎಣ್ಣೆ ಅಂದರು, ಒಬ್ಬರು ಬೆಂಕಿ ಅಂದರು, ರಿಟೈರಾದ ಮೇಷ್ಟ್ರೊಬ್ಬರು ಕಬ್ಬಿಣ ಕಾದರೆ ಹಿಗ್ಗುವ ಪಾಠವನ್ನೇ ಮಾಡಿದರು. ಮೇಷ್ಟ್ರ ಮನೆಯಾಕೆ ಒಂದು ತಟ್ಟೆ ತಾಲೇರ್ ಬೋರಾ ಕಳಿಸಿದರು. ತಾಳೆಹಣ್ಣಿನ ರಸಕ್ಕೆ ಹಿಟ್ಟು, ಬೆಲ್ಲ ಕಲಸಿ ಕರಿದದ್ದು. ನಮ್ಮ ಹಲಸಿನ ಹಣ್ಣಿನ ಮುಳುಕದ ಅಕ್ಕನೋ ತಂಗಿಯೋ ಆಗಬೇಕು. ಬಾಯಿಗಿಟ್ಟಾಗ ನನಗೆ ಊರಿನ ನೆನಪು ಉಕ್ಕಿ ಬಂತು.

ಆಗ ಮಿಸ್ತ್ರಿ ಬಂದ. ಬಡಕಲು ಮುದುಕ, ಕಿವಿಯ ಮೇಲೆ ಯಾವಾಗಲೂ ಒಂದು ಅರ್ಧ ಬೀಡಿ. ಕೆಳಗೆ ಬಗ್ಗಿ ನೋಡಿದವನು ಮೊದಲು ಕೀಲಿನ ಮಾತೇ ಎತ್ತಲಿಲ್ಲ. ಜಾಕಿನ ಜೊತೆಗೆ ಆಸರೆಗೆ ನಾವು ಇಟ್ಟಿದ್ದ ಇಟ್ಟಿಗೆಗಳನ್ನು ತೋರಿಸಿ ಮಾವನನ್ನು ಗದರಿದ. ಇಟ್ಟಿಗೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತೆ, ಅದರ ಕೆಳಗೆ ತಲೆ ಹಾಕಬಾರದು ಅಂದ. ತನ್ನ ಗೂಡಿನಿಂದ ದಪ್ಪ ಮರದ ದಿಮ್ಮಿ ತರಿಸಿ ಇಡಿಸಿದ ಮೇಲೇ ಮುಂದಿನ ಮಾತು.

"ಕಡ್ಡಿಗೆ ಯಾಕೆ ಹೊಡೀತೀರಿ ದಾದಾ? ಅದನ್ನು ಹಿಡಿದಿರೋದು ಕಣ್ಣು."

ಆ ಕಡ್ಡಿ ಗೆಣಸಿನ ಬಾಲದ ಹಾಗೆ ಬುಡ ದಪ್ಪ, ತುದಿ ಸಣ್ಣ. ಗಾಲಿಯ ಕಡೆಯ ತೋಳಿನಲ್ಲಿ ಅದೇ ಆಕಾರದ ಒಂದು ಕಣ್ಣು. ನಟ್ಟು ಬಿಗಿದಷ್ಟೂ ಕಡ್ಡಿ ಕಣ್ಣಿನೊಳಗೆ ಬೆಣೆಯ ಹಾಗೆ ಕಚ್ಚಿಕೊಳ್ಳುತ್ತೆ. ಆಮೇಲೆ ನಟ್ಟು ತೆಗೆದರೂ ಹಿಡಿತ ಬಿಡೋದಿಲ್ಲ. ಇದನ್ನೆಲ್ಲ ಅವನು ಬೀಡಿಯ ತುದಿಯಲ್ಲಿ ನೆಲದ ಮೇಲೆ ಚಿತ್ರ ಬರೆದು ಹೇಳಿದ. ಆಮೇಲೆ ನನ್ನ ಕೈಗೆ ಹಾರೆಕೋಲು ಕೊಟ್ಟು, ಸರಳಿಗೆ ಮೀಟಿ ಭಾರ ಬಿಡು ಅಂದ. ತಾನು ಎಡಗೈಯಲ್ಲಿ ಒಂದು ದಪ್ಪ ಸುತ್ತಿಗೆಯನ್ನು ಕಣ್ಣಿನ ಒಂದು ಪಕ್ಕಕ್ಕೆ ಒತ್ತಿ ಹಿಡಿದು, ಬಲಗೈಯ ಇನ್ನೊಂದು ಸುತ್ತಿಗೆಯಿಂದ ಎದುರು ಪಕ್ಕಕ್ಕೆ ಹೊಡೆದ. ಒಂದು. ಎರಡು. ಮೂರನೇ ಏಟಿಗೆ 'ಠಣ್' ಅನ್ನುವ ಸದ್ದಿನೊಳಗೇ ಇನ್ನೊಂದು ಸಣ್ಣ 'ಟಕ್' ಕೇಳಿಸಿತು. ನನ್ನ ಹಾರೆ ಒಮ್ಮೆಲೇ ಹಗುರಾಯಿತು. ಏಟಿಗೆ ಕಣ್ಣು ಕ್ಷಣಮಾತ್ರ ಮೊಟ್ಟೆಯಾಕಾರ ತಾಳುತ್ತೆ, ಅಷ್ಟರಲ್ಲಿ ಕಡ್ಡಿಗೆ ಬಿಡುಗಡೆ. ರಕ್ ಮೇಲಿದ್ದವರೆಲ್ಲ "ಬಾಹ್!" ಅಂದರು.

ಹಳೇ ತುದಿಯನ್ನು ಸರಳಿನಿಂದ ತಿರುಗಿಸಿ ಬಿಚ್ಚುವಾಗ ಎಷ್ಟು ಸುತ್ತು ಅಂತ ಎಣಿಸಬೇಕು. ಹೊಸದನ್ನು ಅಷ್ಟೇ ಸುತ್ತು ಹಾಕಿದರೆ ಗಾಲಿಯ ನೇರ ಹೆಚ್ಚು ಕೆಡೋದಿಲ್ಲ. ಮಿಸ್ತ್ರಿ ಬಂಗಾಳಿಯಲ್ಲಿ ಎಣಿಸಿದ, ಮಾವ ಕನ್ನಡದಲ್ಲಿ. ಮಿಸ್ತ್ರಿಗೆ ಹದಿನಾಲ್ಕು, ಮಾವನಿಗೆ ಹದಿಮೂರು. ಇಬ್ಬರೂ ಬಗ್ಗಲಿಲ್ಲ. ಕೊನೆಗೆ ಕಿಟಕಿಯಲ್ಲಿ ನಿಂತಿದ್ದ ಅತ್ತೆ, "ಹದಿನಾಲ್ಕೇರಿ, ನಾನೂ ಎಣಿಸಿದ್ದೀನಿ" ಅಂದರು. ಮಾವ ಮರುಮಾತಾಡದೆ ಹದಿನಾಲ್ಕು ಹಾಕಿದರು.

ಬಲಗಾಲಿಯ ಸರದಿ ಬಂದಾಗ ಮಿಸ್ತ್ರಿ ಎರಡೂ ಸುತ್ತಿಗೆ ನನ್ನ ಕೈಗೆ ಕೊಟ್ಟ. ಈ ಸಲ ನಟ್ಟು ಪೂರ್ತಿ ತೆಗೆಯಲು ಬಿಡಲಿಲ್ಲ. ತಿರುಪು ಹಾಳಾಗದ ಹಾಗೆ, ಕೀಲು ಬಿಟ್ಟಾಗ ಮೈಮೇಲೆ ಬೀಳದ ಹಾಗೆ, ನಾಲ್ಕು ಸುತ್ತು ಸಡಿಲಿಸಿ ಅಲ್ಲೇ ಬಿಡಿಸಿದ. ಪಿನ್ನಿಗೂ ಕಣ್ಣಿಗೂ ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟಿದ್ದೆವು. ನಾನು ಎಷ್ಟು ಏಟು ಹೊಡೆದೆನೋ ಸರಿಯಾಗಿ ನೆನಪಿಲ್ಲ. "ಆಸ್ತೆ ಖೋಕಾ, ಆಸ್ತೆ" ಅಂತ, ಅಂದರೆ ಮೆಲ್ಲಗೆ ಹುಡುಗಾ ಅಂತ, ಅವನು ಹೇಳುತ್ತಿದ್ದ ದನಿ ನೆನಪಿದೆ. ಆ 'ಟಕ್' ನನ್ನ ಕೈಯಲ್ಲೂ ಬಂತು.

ಉತ್ಸಾಹ ಏರಿ ಮಾವ ಹಿಂದಿನ ಪಟ್ಟಿ ಸ್ಪ್ರಿಂಗನ್ನು ಗಾಡಿಗೆ ತೂಗುಹಾಕಿರುವ ಶ್ಯಾಕಲ್ ಪಿನ್ನನ್ನೂ ಬಿಚ್ಚೋಣ, ಅದಕ್ಕೆ ಬೆಂಕಿ ಕೊಡೋಣ ಅಂದರು. ಮಿಸ್ತ್ರಿ ಖಡಾಖಂಡಿತ ಬೇಡ ಅಂದ. ಪೆಟ್ರೋಲ್ ಟ್ಯಾಂಕು ಅಲ್ಲೇ ಹಿಂದೆ ಇದೆ. ಮೂರು ದಿನ ಬೆಳಗ್ಗೆ ಸಂಜೆ ಸೀಮೆಎಣ್ಣೆ ಬಿಡಿಸಿದ. ಆಮೇಲೆ ನಟ್ಟನ್ನು ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ತುಕ್ಕಿನ ಕಚ್ಚು ಮುರಿದ ಮೇಲೆ ಬಿಚ್ಚಿದ. ಪಿನ್ನಿನ ತಲೆಗೆ ಹಿತ್ತಾಳೆ ತುಂಡು ಅಡ್ಡ ಕೊಟ್ಟು ತಟ್ಟಿದ, ಅರಳದಿರಲಿ ಅಂತ. ಸುಲಭಕ್ಕೇ ಬಂತು.

ಇಷ್ಟೆಲ್ಲ ಮುಗಿದದ್ದು ವಿಶ್ವಕರ್ಮ ಪೂಜೆಯ ಹಿಂದಿನ ರಾತ್ರಿ. ಮುಗಿಯಲೇಬೇಕಿತ್ತು, ಪೂಜೆಯ ದಿನ ಅಲ್ಲಿ ಮಿಸ್ತ್ರಿಗಳು ಹತಾರ ಮುಟ್ಟೋದಿಲ್ಲ. ನಮ್ಮ ಆಯುಧಪೂಜೆ ನವರಾತ್ರಿಯಲ್ಲಿ ತಿಥಿ ನೋಡಿ ಬಂದರೆ, ಅವರದು ಸಂಕ್ರಮಣದ ಲೆಕ್ಕ, ಹೆಚ್ಚುಕಡಿಮೆ ಪ್ರತಿವರ್ಷ ಸೆಪ್ಟೆಂಬರ್ 17. ಬೆಳಗ್ಗೆ ಮಹಡಿಗೆ ಹೋದರೆ ಆಕಾಶದ ತುಂಬ ಗಾಳಿಪಟ. ಮಿಸ್ತ್ರಿಯ ಗೂಡಿನಲ್ಲಿ ಆನೆಯ ಮೇಲೆ ಕೂತ ವಿಶ್ವಕರ್ಮ, ಮುಂದೆ ಪಾನಾ, ಉಳಿ, ಆ ಎರಡು ಸುತ್ತಿಗೆ, ಎಲ್ಲಕ್ಕೂ ಕುಂಕುಮ. ಅತ್ತೆ ತೆಂಗಿನೆಣ್ಣೆಯ ಒಗ್ಗರಣೆ ಹಾಕಿದ ಹುಗ್ಗಿ ಕಳಿಸಿದರು, ಮಿಸ್ತ್ರಿಯ ಮನೆಯಿಂದ ಖಿಚುಡಿ ಬಂತು.

ಮಿಸ್ತ್ರಿ ದುಡ್ಡು ಬೇಡ ಅಂದ. ಮಾವ ಒಪ್ಪಲಿಲ್ಲ, ಹೊಸ ಧೋತಿಯೊಂದರ ಮಡಿಕೆಯಲ್ಲಿ ಇಟ್ಟು ಕೊಟ್ಟರು. ಹಬ್ಬದ ದಿನ ಧೋತಿಯನ್ನು ಹೇಗೆ ಬೇಡ ಅನ್ನುತ್ತಾನೆ?

ಅಂದು ಬಿಚ್ಚಿದ ಎಡಗಡೆಯ ಹಳೇ ಕೀಲು ಈಗ ನನ್ನ ಹತ್ತಿರ ಇದೆ. ಅದರ ತುದಿ ಇನ್ನೂ ಅಣಬೆಯ ಹಾಗೆ ಅರಳಿಕೊಂಡೇ ಇದೆ.