ಜೋಡಿ ತಾರೆಗಳ ಮಿಡಿತ

ನಕ್ಷತ್ರಗಳು ಅಚಲವೆಂದೂ ನಿರ್ವಿಕಾರವೆಂದೂ ನಮ್ಮಲ್ಲಿ ಬಹುಮಂದಿಯ ಎಣಿಕೆ. ಆದರೆ ಹಿಗ್ಗುತ್ತ ಕುಗ್ಗುತ್ತ ಮಿಡಿಯುವ ತಾರೆಗಳುಂಟು. ಒಂದನ್ನೊಂದು ಸುತ್ತುತ್ತ ಸರದಿಯಂತೆ ಮರೆಮಾಡುವ ಜೋಡಿ ತಾರೆಗಳೂ ಉಂಟು. ಈ ಎರಡು ಗುಣಗಳೂ ಕೂಡಿರುವ ತಾರೆಗಳ ವಿಷಯವನ್ನು, ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ, ಬೆಂಗಳೂರಿನ ಸಿದ್ದಾಪುರದ ಮನೆಯಲ್ಲಿ ಕುಳಿತು ಓದುತ್ತ ಬಂದಿದ್ದೇನೆ. ಈ ಶಾಲೆಯ ಹಳೆಯ ವಿದ್ಯಾರ್ಥಿಯಾಗಿ ಅದರಲ್ಲಿ ಎರಡು ಮಾತನ್ನು ಅರಿಕೆ ಮಾಡಬಯಸುತ್ತೇನೆ.

ಇಂಗ್ಲೆಂಡಿನ ಯಾರ್ಕ್ ನಗರದ ಜಾನ್ ಗುಡ್‌ರಿಕ್ ಕಿವುಡ ತರುಣ. ಆಲ್ಗಾಲ್ ನಕ್ಷತ್ರವು ಸುಮಾರು 2 ದಿನ 21 ಗಂಟೆಗಳಿಗೊಮ್ಮೆ ಮಂಕಾಗುತ್ತದೆಂದು ಆತ 1783ರಲ್ಲಿ ತಿಳಿಸಿದಾಗ ವಯಸ್ಸು ಹದಿನೆಂಟು. ಕಪ್ಪು ಕಾಯವೊಂದು ಅದರ ಮುಂದೆ ಹಾಯುತ್ತಿರಬಹುದೆಂದು ಊಹಿಸಿದವನೂ ಅವನೇ. ಮರುವರ್ಷ ಡೆಲ್ಟಾ ಸೀಫಿಯ ಏರಿಳಿತವನ್ನೂ ಕಂಡನು. ಅದು ಮಿಡಿಯುವ ತಾರೆಯೆಂಬುದು ಅನಂತರ ತಿಳಿಯಿತು.

ಈ ಎರಡು ದಾರಿಗಳೂ ಸಂಧಿಸುವುದು ಕುಂತೀ ಪುಂಜದ, ಎಂದರೆ ಕ್ಯಾಸಿಯೋಪಿಯದ, ಆರ್‌ಝಡ್ ಎಂಬ ಜೋಡಿಯಲ್ಲಿ. ಅಲ್ಲಿ ಒಂದು ಸುತ್ತಿಗೆ ಸುಮಾರು 28 ಗಂಟೆ 41 ನಿಮಿಷ. ಬಿಸಿಯಾದ ತಾರೆಯ ಮಿಡಿತವಾದರೋ ಸುಮಾರು 22 ನಿಮಿಷಕ್ಕೊಮ್ಮೆ. ಜೊತೆಯ ತಾರೆ ತನ್ನ ದ್ರವ್ಯವನ್ನು ಇದಕ್ಕೆ ಇತ್ತು ತಾನು ಹಗುರಾಗಿದೆ. ವಿಜ್ಞಾನಿಗಳು ಅದನ್ನು ‘ದಾನಿ’ ಎಂದೇ ಕರೆಯುತ್ತಾರೆ. ಹರಿದುಬರುವ ಅನಿಲವು ಪಡೆದವನ ಮಿಡಿತವನ್ನೇ ಮಾರ್ಪಡಿಸಬಲ್ಲುದು. ಜೊತೆಗಾರನ ಸೆಳೆತದಿಂದ ತಾರೆಯೊಂದು ಒಂದೇ ಮಗ್ಗುಲಲ್ಲಿ ಪ್ರಬಲವಾಗಿ ಮಿಡಿಯುವುದೂ ಉಂಟೆಂದು 2020ರಲ್ಲಿ ಪ್ರಕಟವಾಯಿತು. ಒಂಟಿ ತಾರೆಯ ತೂಕವನ್ನು ನೇರವಾಗಿ ಅಳೆಯುವುದು ಬಹು ಕಷ್ಟ. ಜೋಡಿಯ ಸುತ್ತಾಟ ಅದನ್ನು ತಿಳಿಸಿದರೆ, ಮಿಡಿತ ಒಡಲಿನ ರಚನೆಯನ್ನು ತಿಳಿಸುತ್ತದೆ. ಸಂಬಂಧದಿಂದಲೇ ಸ್ವರೂಪ ತಿಳಿಯುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಸಿದ್ದಾಪುರದ ದೀಪಗಳ ನಡುವೆ ಕುಂದಿದ ಆಲ್ಗಾಲ್ ನನ್ನ ಕಣ್ಣಿಗೆ ನಿಲುಕದು. ಇಲ್ಲಿಗೆ ಸಮೀಪದ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆಯಿದ್ದರೂ ಅದರ 2.34 ಮೀಟರಿನ ವೇಣು ಬಾಪು ದೂರದರ್ಶಕ ಇರುವುದು ತಮಿಳುನಾಡಿನ ಜಾವಡಿ ಬೆಟ್ಟಗಳ ಕಾವಲೂರಿನಲ್ಲಿ. ಕತ್ತಲೆಯನ್ನರಸಿ ವಿದ್ವಾಂಸರೇ ಅಷ್ಟು ದೂರ ಹೋಗಬೇಕು. ನಮ್ಮ ಶಾಲೆಯ ಅಂಗಳಕ್ಕೆ ಆ ಕತ್ತಲೆ ಇನ್ನೂ ಉಳಿದಿದೆ.

ಅಂಗಳಕ್ಕೆ ಪ್ರಖರ ದೀಪಗಳನ್ನು ಒದಗಿಸಬೇಕೆಂಬ ದಾನಿಗಳ ಇಚ್ಛೆ ಶ್ಲಾಘ್ಯವಾದುದು. ಮಕ್ಕಳ ಸುರಕ್ಷತೆಗೆ ಬೆಳಕು ಬೇಕು. ಆದರೆ ಆ ದೀಪಗಳಿಗೆ ಮೇಲುಮುಚ್ಚಳವಿರಲಿ, ಬೆಳಕು ನೆಲಕ್ಕೆ ಬೀಳಲಿ. ಕಾರ್ತಿಕದಿಂದ ಮಾಘದವರೆಗೆ ವಾರಕ್ಕೊಂದು ರಾತ್ರಿ ಒಂದು ಗಂಟೆ ಅವು ಆರಿರಲಿ. ಅಧ್ಯಾಪಕರು ವಿದ್ಯಾರ್ಥಿನಿಲಯದ ಮಕ್ಕಳಿಂದ ಆಲ್ಗಾಲಿನ ಕಾಂತಿಯನ್ನು ನೆರೆಯ ತಾರೆಗಳೊಡನೆ ಹೋಲಿಸಿ ಬರೆಯಿಸಲಿ. ಅದಕ್ಕೆ ಒಂದು ಪುಸ್ತಕ, ಒಂದು ಗಡಿಯಾರ ಸಾಕು. ಗುಡ್‌ರಿಕ್ಕನಿಗಿದ್ದ ತಾಳ್ಮೆ ನಮ್ಮ ಮಕ್ಕಳಿಗೂ ಒದಗಲೆಂದು ಹಾರೈಸುತ್ತೇನೆ.