ಗೆರೆ ದಾಟಿದ ಬಣ್ಣ

ನಮ್ಮ ರಾಯದುರ್ಗದಲ್ಲಿ ಸಿನಿಮಾ ಅಂದರೆ ತೆಲುಗು, ಓದು ಅಂದರೆ ಕನ್ನಡ. ಊರೆಲ್ಲ ಹೀಗೇ ಇತ್ತೆಂದು ಹೇಳಲಾರೆ. ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುತ್ತಿದ್ದ ನಮ್ಮಂಥ ಮನೆಗಳಲ್ಲಿ ಹೀಗಿತ್ತು. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಾನು ಹುಟ್ಟಿದ್ದು ಅದಾದ ಮೇಲೆ. ನನಗೆ ಬುದ್ಧಿ ಬರುವ ಹೊತ್ತಿಗೆ ಥಿಯೇಟರಿನ ಗೋಡೆ ತುಂಬ ಎನ್.ಟಿ. ರಾಮರಾವ್, ನಾಗೇಶ್ವರರಾವ್. ಕನ್ನಡ ಚಿತ್ರ ನೋಡಬೇಕೆಂದರೆ ಬಳ್ಳಾರಿಗೆ ಹೋಗಬೇಕು. ಆದರೆ ಅದೇ ಬಳ್ಳಾರಿಯಿಂದ ಮೀಟರ್ ಗೇಜ್ ರೈಲಿನಲ್ಲೋ ಬಸ್ಸಿನ ಟಾಪಿನ ಮೇಲೋ ಕನ್ನಡ ಪತ್ರಿಕೆಗಳ ಕಟ್ಟು ಮಾತ್ರ ತಪ್ಪದೆ ಬರುತ್ತಿತ್ತು.

ಕಟ್ಟು ಬಂದು ಬೀಳುತ್ತಿದ್ದದ್ದು ಬಾಡಿಗೆ ಪುಸ್ತಕದ ಅಂಗಡಿಗೆ. ಹಲಗೆ ಬಾಗಿಲಿನ ಸಣ್ಣ ಅಂಗಡಿ, ಮುಂದೆ ಒಂದು ಬೆಂಚು. ಅಡ್ಡಕ್ಕೆ ಎಳೆದ ದಾರದ ಮೇಲೆ ಚಂದಮಾಮದ ಎರಡು ಸಂಚಿಕೆ ಪಕ್ಕಪಕ್ಕ ನೇತಾಡುತ್ತಿದ್ದವು. ತೆಲುಗು ಚಂದಮಾಮ ಶುರುವಾದದ್ದು 1947ರ ಜುಲೈನಲ್ಲಿ, ಕನ್ನಡದ್ದು 1949ರ ಜುಲೈನಲ್ಲಿ. ಎರಡರಲ್ಲೂ ಅದೇ ಬೇತಾಳ, ಅದೇ ಮರ, ಹೆಗಲ ಮೇಲೆ ಹೆಣ ಹೊತ್ತ ಅದೇ ರಾಜ. ಅಕ್ಷರ ಮಾತ್ರ ಬೇರೆ. ತೆಲುಗು ಗೆಳೆಯನೊಬ್ಬ ಅವನ ಪ್ರತಿ ಹಿಡಿದು, ನಾನು ನನ್ನದು ಹಿಡಿದು, ಒಂದೇ ಚಿತ್ರಕ್ಕೆ ಇಬ್ಬರೂ ಬೆರಳಿಟ್ಟು ಓದುತ್ತಿದ್ದೆವು. ಚಿತ್ರ ಇಬ್ಬರಿಗೂ ಸಮ, ಮಾತು ಅವರವರದು ಎಂಬ ತಿಳಿವಳಿಕೆ ನನ್ನೊಳಗೆ ಕೂತದ್ದು ಆ ಬೆಂಚಿನ ಮೇಲೆ. ಮುಂದೆ ನಾನು ನೋಡಿದ ಸೂಪರ್‌ಹೀರೋ ಚಿತ್ರಗಳನ್ನೆಲ್ಲ ಅದೇ ಅಳತೆಯಲ್ಲಿ ಅಳೆದಿದ್ದೇನೆ.

ಅಂಗಡಿಯಲ್ಲಿ ಅಮರ ಚಿತ್ರ ಕಥೆ ಇತ್ತು. ಅದರ ಹುಟ್ಟಿನಲ್ಲಿ ಕನ್ನಡದ ಪಾಲಿದೆ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಪಶ್ಚಿಮದ ಹತ್ತು ಮಕ್ಕಳ ಕಥೆಗಳನ್ನು ಚಿತ್ರರೂಪದಲ್ಲಿ ಕನ್ನಡಕ್ಕೆ ತಂದರು. ಅನಂತ ಪೈ ಅವರ ಇಂಗ್ಲಿಷ್ 'ಕೃಷ್ಣ' ಹನ್ನೊಂದನೆಯ ಸಂಖ್ಯೆಯಿಂದ ಆರಂಭವಾಗಲು ಆ ಹತ್ತೇ ಕಾರಣ. ಈ ವಿಷಯವನ್ನು ನಮ್ಮವರು ಇನ್ನೂ ಗಟ್ಟಿಯಾಗಿ ಹೇಳಿಕೊಳ್ಳಬೇಕು ಎಂದು ನನಗೆ ಅನ್ನಿಸುತ್ತದೆ.

ಆದರೆ ನನ್ನ ಜೀವ ಇದ್ದದ್ದು ಫ್ಯಾಂಟಮ್‌ನಲ್ಲಿ. ವಾರವಾರ ಸುಧಾದಲ್ಲಿ ಅವನು ಬರುತ್ತಿದ್ದ. ಇಡೀ ಕಥೆ ಬೇಕೆಂದರೆ ಇಂದ್ರಜಾಲ ಕಾಮಿಕ್ಸ್. ಟೈಮ್ಸ್ ಆಫ್ ಇಂಡಿಯಾದವರು 1964ರ ಮಾರ್ಚಿನಲ್ಲಿ ಶುರುಮಾಡಿದ ಆ ಮಾಲೆ ಕನ್ನಡದಲ್ಲೂ ಬರುತ್ತಿತ್ತು. ಲೀ ಫಾಕ್ 1936ರಲ್ಲಿ ಅಮೆರಿಕದ ದಿನಪತ್ರಿಕೆಗಳಿಗಾಗಿ ಹುಟ್ಟಿಸಿದ ಈ ಮುಸುಕಿನ ವೀರನಿಗೆ ಹಾರಲು ಬಾರದು, ಮೈಯಲ್ಲಿ ಮಾಯೆ ಇಲ್ಲ. ನಾಲ್ಕು ನೂರು ವರ್ಷದಿಂದ ಅಪ್ಪನ ಉಡುಪನ್ನು ಮಗ ತೊಡುತ್ತ ಬಂದಿದ್ದಾನೆ. ಕಾಡಿನವರ ಪಾಲಿಗೆ ಅವನು ಸಾವಿಲ್ಲದವನು, ಓದುವ ನಮಗೆ ಅವನು ಇಪ್ಪತ್ತೊಂದನೆಯವನು. ಗುಟ್ಟು ನಮಗೆ ಗೊತ್ತು, ಕಥೆಯೊಳಗಿನವರಿಗೆ ಗೊತ್ತಿಲ್ಲ. ಹತ್ತು ವರ್ಷದ ಹುಡುಗನಿಗೆ ಇದಕ್ಕಿಂತ ದೊಡ್ಡ ಗೌರವ ಇನ್ನೇನು ಬೇಕು?

ಬಾಡಿಗೆ ದಿನಕ್ಕೆ ಇಷ್ಟು ಪೈಸೆ ಎಂದಿರುತ್ತಿತ್ತು, ಬೆಂಚಿನ ಮೇಲೇ ಓದಿದರೆ ಅದರ ಅರ್ಧ. ಅಂಗಡಿಯಣ್ಣ ಒಂದೊಂದು ಪುಸ್ತಕಕ್ಕೂ ರಟ್ಟು ಅಂಟಿಸಿ, ಗೋಣಿದಾರದಲ್ಲಿ ಹೊಲಿದು ಇಡುತ್ತಿದ್ದ. "ಲೇ ತಮ್ಮಾ, ಹಾಳಿ ಮಡಿಚಬ್ಯಾಡ, ನಿನ್ನ ಹಿಂದ ಇನ್ನ ನೂರು ಮಂದಿ ಓದಬೇಕು" ಅನ್ನುತ್ತಿದ್ದ. ಆ ನೂರು ಮಂದಿಯ ಕೈ ಹಾಯ್ದು ಬಂದ ಪುಸ್ತಕದ ಕಾಗದ ಬಟ್ಟೆಯಷ್ಟು ಮೆತ್ತಗಾಗಿರುತ್ತಿತ್ತು. ಅಚ್ಚಿನಲ್ಲಿ ಬಣ್ಣ ಗೆರೆಯ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಫ್ಯಾಂಟಮ್‌ನ ತೋಳಿನ ಬಣ್ಣ ಗೆರೆ ದಾಟಿ ಹಿಂದಿನ ಮರದ ಮೇಲೆ ಹರಿದಿರುತ್ತಿತ್ತು, ಅವನ ಪ್ರೇಯಸಿ ಡಯಾನಾಳ ತುಟಿಯ ಕೆಂಪು ಕೆನ್ನೆಗೆ ಸರಿದಿರುತ್ತಿತ್ತು. ಹತ್ತಿರ ಹಿಡಿದು ನೋಡಿದರೆ ಎಲ್ಲವೂ ಚುಕ್ಕಿ ಚುಕ್ಕಿ. ನನಗೆ ಅದು ಅಚ್ಚಿನ ದೋಷ ಅನ್ನಿಸಿದ್ದೇ ಇಲ್ಲ. ಕಾಡು ಹಾಗೇ ಇರುತ್ತದೆ, ಅಲ್ಲಿ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ ಎಂದುಕೊಂಡಿದ್ದೆ.

1976ರಲ್ಲಿ ಇಂದ್ರಜಾಲದಲ್ಲಿ ಬಹಾದ್ದೂರ್ ಬಂದ. ಆಬಿದ್ ಸುರತಿ ಹುಟ್ಟಿಸಿದ ನಾಯಕ; ಡಕಾಯಿತರ ವಿರುದ್ಧ ಊರಿನವರನ್ನೇ ಕಟ್ಟಿ ನಿಲ್ಲಿಸುವವನು, ಕೇಸರಿ ಕುರ್ತಾ, ಕೆಳಗೆ ಜೀನ್ಸ್. ಆಗ ರಾಯದುರ್ಗದ ಬೀದಿಯಲ್ಲಿ ಜೀನ್ಸ್ ತೊಟ್ಟವರನ್ನು ನಾನು ಕಂಡಿರಲಿಲ್ಲ. ಫ್ಯಾಂಟಮ್ ಬಿಳಿಯ, ಅವನ ಕಾಡಿನ ಜನ ಕರಿಯರು, ಅವರನ್ನು ಕಾಯಲು ಅವನೇ ಬೇಕು. ಈ ಏರ್ಪಾಡಿನಲ್ಲಿ ಏನೋ ಸರಿಯಿಲ್ಲ ಎಂದು ಮೊದಲ ಬಾರಿಗೆ ಹೊಳೆದದ್ದು ಬಹಾದ್ದೂರನನ್ನು ಓದಿದ ಮೇಲೆ. ಹೊಳೆದ ಮಾತ್ರಕ್ಕೆ ಪ್ರೀತಿ ಬಿಡಲಿಲ್ಲ. 1973ರ 'ಗಂಧದ ಗುಡಿ'ಯನ್ನು ಬಳ್ಳಾರಿಯಲ್ಲಿ ನೋಡಿದ್ದು ನೆನಪಾಯಿತು. ಕಾಡು ಕಾಯುವ ರಾಜಕುಮಾರ್ ಅರಣ್ಯಾಧಿಕಾರಿ. ಮುಸುಕಿಲ್ಲ, ಬುರುಡೆಯ ಉಂಗುರವಿಲ್ಲ, ಖಾಕಿ ಉಡುಪು. ನಮ್ಮ ನಾಡಿನ ಫ್ಯಾಂಟಮ್ ಅಂದರೆ ಅದೇ ಚಿತ್ರ ಎಂದು ಈಗಲೂ ವಾದಿಸುತ್ತೇನೆ.

1980ರಲ್ಲಿ ನಮ್ಮೂರಿಗೆ 'ಸೂಪರ್‌ಮ್ಯಾನ್' ಬಂತು. ಕ್ರಿಸ್ಟಫರ್ ರೀವ್‌ನದಲ್ಲ, ಎನ್.ಟಿ. ರಾಮರಾವ್ ಅವರದು. ವಿ. ಮಧುಸೂದನರಾವ್ ನಿರ್ದೇಶನ, ಜಯಪ್ರದಾ ನಾಯಕಿ. ಇಲ್ಲಿ ಶಕ್ತಿ ಬರುವುದು ಬೇರೆ ಗ್ರಹದಿಂದಲ್ಲ, ಹನುಮಂತನ ವರದಿಂದ. ನನ್ನಂಥ ಕಾಮಿಕ್ಸ್ ಹುಚ್ಚಿನವರು ಮೂಗು ಮುರಿದರು. ಥಿಯೇಟರ್ ಮಾತ್ರ ಶಿಳ್ಳೆಯಿಂದ ತುಂಬಿತ್ತು. ಈ ಚಿತ್ರಕ್ಕೆ ಸಲ್ಲಬೇಕಾದ ಮಾನ ಸಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಶನಿವಾರ ಬಂದರೆ ಕಸಾಪುರದ ನೆಟ್ಟಿಕಂಟಿ ಆಂಜನೇಯನ ಗುಡಿಗೆ ಹೊರಡುವ ಜನಕ್ಕೆ ಕ್ರಿಪ್ಟಾನ್ ಗ್ರಹದ ವಿವರಣೆ ಬೇಕಿರಲಿಲ್ಲ. ಮನುಷ್ಯನೊಬ್ಬ ಹಾರಬಲ್ಲ ಎಂದರೆ ಯಾರ ದಯೆಯಿಂದ ಎಂಬುದು ಅವರಿಗೆ ಮೊದಲೇ ಗೊತ್ತು. 2024ರ ಜನವರಿಯಲ್ಲಿ ಪ್ರಶಾಂತ್ ವರ್ಮಾ ಅವರ 'ಹನು-ಮಾನ್' ಅಷ್ಟು ಗೆದ್ದಾಗ ಎಲ್ಲರೂ ಹೊಸದು ಎಂದರು. ರಾಯದುರ್ಗದ ಹಳಬರು ಆ ದಾರಿಯನ್ನು ನಲವತ್ತು ವರ್ಷದ ಹಿಂದೆಯೇ ಕಂಡಿದ್ದರು.

ರಾಮರಾವ್ ಅವರ ಆ ಚಿತ್ರ ಬಂದ ಹೊತ್ತಿಗೆ ಅಂಗಡಿ ಸೊರಗತೊಡಗಿತ್ತು. ವಿಸಿಆರ್ ಬಂತು, ಒಂದು ಗೋಡೆಯ ಪುಸ್ತಕ ಇಳಿಸಿ ಕ್ಯಾಸೆಟ್ ಜೋಡಿಸಿದರು. 1990ರಲ್ಲಿ ಇಂದ್ರಜಾಲ ನಿಂತಿತು. ಮಡಕಶಿರಾದ ನಮ್ಮ ಅತ್ತೆಯ ಊರಿನಲ್ಲೂ ಇದೇ ಕಥೆ. ಮೂರು ಕಡೆ ಕರ್ನಾಟಕ ಇರುವ ಊರು ಅದು, ಅಲ್ಲಿಗೆ ಪುಸ್ತಕ ಬಳ್ಳಾರಿಯಿಂದಲ್ಲ, ಸಿರಾ, ಪಾವಗಡದ ಕಡೆಯಿಂದ ಬರುತ್ತಿತ್ತು. ಅಲ್ಲೂ ಬಾಡಿಗೆ ಪುಸ್ತಕದ ಅಂಗಡಿ ಕ್ಯಾಸೆಟ್ಟಿನ ಅಂಗಡಿಯಾಯಿತು. ನಮ್ಮೂರಿನದು ಆಮೇಲೆ ಎಸ್‌ಟಿಡಿ ಬೂತ್ ಆಗಿ, ಕೊನೆಗೆ ಜೀನ್ಸ್ ಹೊಲಿಯುವ ಜಾಗವಾಯಿತು. ಈಗ ಅಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮಿಷಿನ್ ಓಡುತ್ತದೆ. ಬಹಾದ್ದೂರನ ಕಾಲಲ್ಲಿ ನಾವು ಬೆರಗಿನಿಂದ ನೋಡಿದ ಉಡುಪನ್ನು ಈಗ ಊರಿನ ಅರ್ಧ ಜನ ಹೊಲಿದು ಬದುಕುತ್ತಾರೆ.

1996ರಲ್ಲಿ ಹಾಲಿವುಡ್ ಫ್ಯಾಂಟಮ್‌ನನ್ನು ಚಿತ್ರ ಮಾಡಿತು. ನಾನು ನೋಡಿದ್ದು ಆಮೇಲೆ, ಕೇಬಲ್ ಟಿವಿಯಲ್ಲಿ. ಸೈಮನ್ ವಿನ್ಸರ್ ನಿರ್ದೇಶನ, ಬಿಲ್ಲಿ ಝೇನ್ ಫ್ಯಾಂಟಮ್. ಝೇನ್ ಒಳ್ಳೆಯ ಫ್ಯಾಂಟಮ್: ಮೈಕಟ್ಟು ಸರಿ, ನಗು ಸರಿ, ಕುದುರೆ ಇದೆ, ತೋಳ ಇದೆ, ತಲೆಬುರುಡೆಯ ಗವಿ ಇದೆ. ಸೊಂಟದ ಪಟ್ಟೆಪಟ್ಟೆ ಚಡ್ಡಿಯನ್ನು ಮಾತ್ರ ಕೈಬಿಟ್ಟಿದ್ದರು. ಇಷ್ಟೆಲ್ಲ ಇದ್ದೂ ನನಗೆ ಅದು ದಕ್ಕಲಿಲ್ಲ. ಕಾರಣವನ್ನು ಬಹಳ ದಿನ ಹುಡುಕಿದೆ. ಚೌಕಟ್ಟಿಗೂ ಚೌಕಟ್ಟಿಗೂ ನಡುವೆ ಪುಟದಲ್ಲಿ ಒಂದು ಬಿಳಿ ಜಾಗ ಇರುತ್ತದಲ್ಲ, ಏಟು ಬೀಳುವುದು ಅಲ್ಲಿ. ಒಂದು ಚಿತ್ರದಲ್ಲಿ ಮುಷ್ಟಿ ಎತ್ತಿದೆ, ಮುಂದಿನದರಲ್ಲಿ ಕಳ್ಳನ ದವಡೆಯ ಮೇಲೆ ಉಂಗುರದ ಬುರುಡೆಯ ಗುರುತು. ನಡುವಿನ ಏಟು ಹೊಡೆದವನು ನಾನು. ಸಿನಿಮಾ ಆ ಏಟನ್ನು ತಾನೇ ಹೊಡೆದು ತೋರಿಸುತ್ತದೆ. ಇನ್ನೊಂದು, ದನಿ. ನನ್ನ ಫ್ಯಾಂಟಮ್ ನನ್ನ ತಲೆಯೊಳಗೆ ಬಳ್ಳಾರಿ ಕಡೆಯ ಗಂಡುದನಿಯಲ್ಲಿ ಮಾತಾಡಿದ್ದ. ಪರದೆಯ ಮೇಲಿನವನಿಗೆ ಅಮೆರಿಕದ ದನಿ.

ದನಿಯ ಈ ನೋವು ಮುಂದಿನ ಕಾಲದಲ್ಲಿ ಹೆಚ್ಚಾಯಿತು. ಸ್ಪೈಡರ್‌ಮ್ಯಾನ್ ನಮ್ಮೂರಿಗೆ ತೆಲುಗು ಮಾತಾಡುತ್ತ ಬಂದ. 2007ರ 'ಸ್ಪೈಡರ್‌ಮ್ಯಾನ್ 3' ಹಿಂದಿ, ತಮಿಳು, ತೆಲುಗು ಅಷ್ಟೇ ಅಲ್ಲ, ಭೋಜಪುರಿಯಲ್ಲೂ ಬಂತು, ಕನ್ನಡದಲ್ಲಿ ಇಲ್ಲ. ಕರ್ನಾಟಕದ ಚಿತ್ರರಂಗ 1960ರ ದಶಕದಿಂದ ಡಬ್ಬಿಂಗ್‌ಗೆ ಬಾಗಿಲು ಹಾಕಿತ್ತು. ಅಂದಿನ ಕನ್ನಡ ಕಲಾವಿದರ ಹೊಟ್ಟೆಪಾಡು, ಕನ್ನಡ ಚಿತ್ರದ ಅಳಿವು ಉಳಿವು ಅದರ ಹಿಂದಿತ್ತು, ಅದನ್ನು ಗೌರವಿಸುತ್ತೇನೆ. ಆದರೆ ಆ ಕಟ್ಟಳೆ ನಮ್ಮ ರಾಜ್ಯದ್ದಲ್ಲದಿದ್ದರೂ ಅದರ ನೆರಳು ಗಡಿಯಾಚೆಯ ನಮ್ಮ ಮಕ್ಕಳ ಮೇಲೆ ಬಿತ್ತು. ಕನ್ನಡ ಪ್ರತಿಯೇ ಇಲ್ಲವಾದ ಮೇಲೆ ಅವರು ಕೇಳುವುದೆಲ್ಲಿ? ಚಂದಮಾಮದ ದಾರದ ಮೇಲೆ ಎರಡು ಭಾಷೆ ಸಮವಾಗಿ ನೇತಾಡುತ್ತಿದ್ದವು, ಥಿಯೇಟರಿನಲ್ಲಿ ಒಂದೇ ಉಳಿಯಿತು. ಸೂಪರ್‌ಹೀರೋ ಎಂದರೆ ತೆಲುಗು ಮಾತಾಡುವವನು ಎಂದು ನನ್ನ ಮಕ್ಕಳು ಬೆಳೆದರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದರ ವಿರುದ್ಧ ತೀರ್ಪು ಕೊಟ್ಟಿತು, ಅಲ್ಲಿಂದ ಬಾಗಿಲು ಮೆಲ್ಲಗೆ ತೆರೆಯಿತು.

2021ರ ಕೊನೆಗೆ ಬಸಿಲ್ ಜೋಸೆಫ್ ಅವರ ಮಲಯಾಳಂ ಚಿತ್ರ 'ಮಿನ್ನಲ್ ಮುರಳಿ' ನೆಟ್‌ಫ್ಲಿಕ್ಸ್‌ನಲ್ಲಿ ಕನ್ನಡದಲ್ಲೂ ಬಂದಾಗ ಮನೆಯಲ್ಲೇ ಕೂತು ನೋಡಿದೆವು. ಸಿಡಿಲು ಬಡಿದು ಶಕ್ತಿ ಪಡೆಯುವ ನಾಯಕ ಒಂದು ಸಣ್ಣ ಊರಿನ ದರ್ಜಿ. ಹೊಲಿಗೆಯಲ್ಲೇ ಬದುಕುವ ನಮ್ಮೂರಿನಲ್ಲಿ ಆ ಚಿತ್ರ ನೋಡುವ ಸುಖವೇ ಬೇರೆ. ಪಕ್ಕದ ಮನೆಯ ಹುಡುಗ, ತಾನೂ ಜೀನ್ಸ್ ಹೊಲಿಯುವವನು, "ಕಾಕಾ, ಇವನು ನಮ್ಮವನಽ" ಅಂದ.

ಆಮೇಲೆ 2023ರ ಜೂನ್. 'ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್' ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾಯಿತು, ಅದರಲ್ಲಿ ಕನ್ನಡವೂ ಒಂದು. ಬೆಂಗಳೂರಿನ ಮಗಳ ಮನೆಗೆ ಹೋದಾಗ ಮೊಮ್ಮಗನ ಜೊತೆ ನೋಡಿದೆ. ಇದು ನಟರಿರುವ ಚಿತ್ರವಲ್ಲ, ಅನಿಮೇಷನ್. ಪರದೆ ಒಮ್ಮೆಲೇ ಚೌಕಟ್ಟುಗಳಾಗಿ ಒಡೆಯುತ್ತದೆ. ಪಾತ್ರದ ಯೋಚನೆ ಪಕ್ಕದಲ್ಲಿ ಪೆಟ್ಟಿಗೆಯೊಳಗಿನ ಅಕ್ಷರವಾಗಿ ಕಾಣುತ್ತದೆ. ಮೈ ಬಣ್ಣದಲ್ಲಿ ಚುಕ್ಕಿಗಳು. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು: ದೂರದ ಕಟ್ಟಡಗಳನ್ನು ಕ್ಯಾಮೆರಾದಂತೆ ಮಸುಕು ಮಾಡುವ ಬದಲು ಅವರು ಬಣ್ಣಗಳನ್ನು ಒಂದರ ಮೇಲಿಂದ ಒಂದು ಸರಿಸಿದ್ದಾರೆ. ನೀಲಿ ಒಂದು ಕಡೆ, ಕೆಂಪು ಒಂದು ಕಡೆ, ಗೆರೆ ನಡುವೆ. 2018ರ ಮೊದಲ ಭಾಗದಲ್ಲೇ ಕಲಾವಿದರು ಇದನ್ನು ಬೇಕೆಂದೇ ಮಾಡಿದ್ದರು, ಹಳೆಯ ಅಗ್ಗದ ಅಚ್ಚಿನ ನೆನಪಿಗಾಗಿ. ಅಮೆರಿಕದ ಯಾವುದೋ ಸ್ಟುಡಿಯೋದಲ್ಲಿ ಕೂತವರೂ ನಾನು ಓದಿದಂಥದೇ ಕಾಗದವನ್ನು ಓದಿ ಬೆಳೆದಿದ್ದರು. ಅದನ್ನು ತಿದ್ದಿ ನುಣುಪು ಮಾಡಬೇಕೆಂದು ಅವರಿಗೂ ಅನ್ನಿಸಿರಲಿಲ್ಲ.

ಆ ಚಿತ್ರದಲ್ಲಿ ಪವಿತ್ರ್ ಪ್ರಭಾಕರ್ ಎಂಬ ಭಾರತದ ಸ್ಪೈಡರ್‌ಮ್ಯಾನ್ ಬರುತ್ತಾನೆ. 2004ರಲ್ಲಿ ಜೀವನ್ ಕಾಂಗ್, ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಸೇರಿ ಕಾಮಿಕ್ಸ್‌ನಲ್ಲಿ ಹುಟ್ಟಿಸಿದ ಪಾತ್ರ. ಅವನು ಕನ್ನಡದಲ್ಲಿ ಮಾತಾಡಿದ. ಬೆಂಗಳೂರಿನ ಕನ್ನಡವೇ ಇರಲಿ, ಕಿವಿಗೆ ಹಬ್ಬ. ಮೊಮ್ಮಗನಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ, ಕನ್ನಡ ಮಾತಾಡದ ಸ್ಪೈಡರ್‌ಮ್ಯಾನ್‌ನನ್ನು ಅವನು ಹೆಚ್ಚು ಕಂಡಿಲ್ಲ. ಹೊರಗೆ ಬಂದ ಮೇಲೆ ಕೇಳಿದ: "ತಾತಾ, ನಿಮ್ಮ ಫ್ಯಾಂಟಮ್‌ದು ಹೀಗೆ ಮಾಡಬಹುದಾ?"

ಮಾಡಬಹುದು, ಮಾಡಬೇಕು. ಹೀಗೇ ಚಿತ್ರ ಬರೆದೇ ಮಾಡಬೇಕು. ಫ್ಯಾಂಟಮ್ ಚಿತ್ರ ಬರೆಯುತ್ತಿದ್ದ ಸೈ ಬ್ಯಾರಿಯ ಗಟ್ಟಿ ಗೆರೆಯಲ್ಲಿ, ಬಣ್ಣ ಸ್ವಲ್ಪ ಸರಿಸಿ. ಪಟ್ಟೆ ಚಡ್ಡಿ ಬಿಡಕೂಡದು. 'ಕಾಡಿನ ಹಳೆಯ ಮಾತು' ಎಂದು ಶುರುವಾಗುವ ಪೆಟ್ಟಿಗೆಗಳು ಬೇಕು. ಕಾಡಿನ ಜನರನ್ನು ಕಾಯಿಸಿಕೊಳ್ಳುವವರನ್ನಾಗಿ ಮಾಡದೆ, ಬಹಾದ್ದೂರನ ಊರಿನವರಂತೆ ತಾವೇ ಎದ್ದು ನಿಲ್ಲುವವರನ್ನಾಗಿ ಮಾಡಬೇಕು; ಫ್ಯಾಂಟಮ್ ಗೆಳೆಯ, ಕಾಡಿನವನೇ ಆದ ಗುರಾನ್ ಕಥೆಯ ಅರ್ಧ ಹೊರಬೇಕು. ಕನ್ನಡಕ್ಕೆ ತರುವಾಗ ಆ ಗುರಾನನ ದನಿಗೆ ಬಳ್ಳಾರಿ, ರಾಯದುರ್ಗದ ಕಡೆಯ ಯಾರನ್ನಾದರೂ ಕರೆಯಬೇಕು. ಇದಿಷ್ಟನ್ನೂ ಮೊಮ್ಮಗನಿಗೆ ಮೆಟ್ರೋದಲ್ಲಿ ಹೇಳುತ್ತ ಬಂದೆ. ಅವನು ಪಟ್ಟೆಯ ಬಣ್ಣ ಯಾವುದು ಎಂದು ಕೇಳಿದ.