ಚಾಮಯ್ಯ ಮೇಷ್ಟ್ರಿಗೆ ಎಷ್ಟು ಅಂಕ?

ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರಿಗೆ ವರ್ಷಕ್ಕೊಮ್ಮೆಯಾದರೂ ಎದುರಾಗುವ ಪ್ರಬಂಧ ‘ನನ್ನ ಮೆಚ್ಚಿನ ಚಲನಚಿತ್ರ’. ಅರವತ್ತು ಪುಸ್ತಕ ತಿದ್ದಿದರೆ ಅರವತ್ತರಲ್ಲೂ ಒಂದೇ ಚಿತ್ರ ಇದ್ದಂತಿರುತ್ತದೆ, ಹೆಸರು ಮಾತ್ರ ಬೇರೆ. ‘ಈ ಚಿತ್ರದಲ್ಲಿ ಹಾಡು, ಫೈಟಿಂಗ್, ಕಾಮಿಡಿ ಎಲ್ಲವೂ ಇವೆ. ಕುಟುಂಬ ಸಮೇತ ನೋಡಬಹುದು.’ ಸ್ವಲ್ಪ ಚುರುಕಾದವರು ಪತ್ರಿಕೆಯಲ್ಲಿ ಬಂದ ವಿಮರ್ಶೆಯನ್ನೇ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ‘ಮೊದಲಾರ್ಧ ಬಿಗಿಯಾಗಿದೆ, ದ್ವಿತೀಯಾರ್ಧ ಎಳೆದಂತಿದೆ, ಛಾಯಾಗ್ರಹಣ ಕಣ್ಣಿಗೆ ಹಬ್ಬ.’ ಹೀಗೆ ಬರೆದ ಒಬ್ಬ ಹುಡುಗನನ್ನು ಕರೆದು, “ಛಾಯಾಗ್ರಹಣ ಅಂದರೇನಪ್ಪಾ?” ಎಂದು ಕೇಳಿದೆ. “ಸೂರ್ಯಗ್ರಹಣದ ಥರಾನೇ ಮೇಡಂ” ಅಂದ. ಅಂಕ ಕಳೆಯಲು ಮನಸ್ಸಾಗಲಿಲ್ಲ.

ಸಿನಿಮಾ ವಿಮರ್ಶೆ ಎನ್ನುವುದು ಪತ್ರಿಕೆಯವರ ಸ್ವತ್ತೇನಲ್ಲ. ನಾನು ಚಿಕ್ಕವಳಿದ್ದಾಗ ನಮ್ಮೂರಿಗೆ ಟೂರಿಂಗ್ ಟಾಕೀಸು ಬಂದರೆ ಮಾರನೆಯ ದಿನ ನಲ್ಲಿಕಟ್ಟೆಯಲ್ಲಿ ವಿಮರ್ಶೆ ನಡೆಯುತ್ತಿತ್ತು. ‘ಶರಪಂಜರ’ ನೋಡಿ ಬಂದ ಮೇಲೆ ಒಂದು ವಾರ ಕೊಡಗಳು ತುಂಬಿ ಹರಿದರೂ ಯಾರಿಗೂ ಪರಿವೆಯಿರಲಿಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದ ಚಿತ್ರ ಅದು. ಬಾಣಂತನದಲ್ಲಿ ಬುದ್ಧಿ ಕೆಟ್ಟ ಕಾವೇರಿ ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಆದರೆ ಮನೆಯವರೂ ನೆರೆಯವರೂ ಅವಳನ್ನು ವಾಸಿಯಾದವಳೆಂದು ಒಪ್ಪುವುದೇ ಇಲ್ಲ. ಅವಳ ಗಂಡ ಇನ್ನೊಬ್ಬಳ ಕಡೆ ವಾಲಿದ್ದನ್ನು ಕೇಳುವವರಿಲ್ಲ. “ಹುಚ್ಚು ಅವಳಿಗಲ್ಲ ಕಣೇ, ಆ ಮನೆಗೆ” ಎಂದು ನಮ್ಮಮ್ಮ ಹೇಳಿದ್ದು ನನಗಿನ್ನೂ ನೆನಪಿದೆ. ನಾಲ್ಕನೆಯ ಇಯತ್ತೆ ಓದಿದ್ದ ಅಮ್ಮನ ಆ ಮಾತಿಗಿಂತ ದೊಡ್ಡ ವಿಮರ್ಶೆಯನ್ನು ಆ ಚಿತ್ರದ ಬಗ್ಗೆ ನಾನು ಇದುವರೆಗೆ ಓದಿಲ್ಲ.

ಅದಿರಲಿ. ನಾನು ಹೇಳಹೊರಟದ್ದು ನನ್ನ ವಿದ್ಯಾರ್ಥಿನಿಯೊಬ್ಬಳ ಪ್ರಬಂಧದ ಬಗ್ಗೆ. ಹೆಸರು ಬೇಡ, ‘ಹುಡುಗಿ’ ಎಂದೇ ಕರೆಯುತ್ತೇನೆ.

2018ರಲ್ಲಿ ‘ನಾಗರಹಾವು’ ಹೊಸ ಧ್ವನಿ, ಹೊಸ ಬಣ್ಣದೊಂದಿಗೆ ಮತ್ತೆ ಬಿಡುಗಡೆಯಾಯಿತು. ನೀವೂ ನೋಡಿರಬೇಕು. ನಮ್ಮದು ದುರ್ಗದ ಸೀಮೆ. ಇಲ್ಲಿ ಆ ಚಿತ್ರವೆಂದರೆ ಮನೆಯ ಮದುವೆಯ ಆಲ್ಬಮ್ ಇದ್ದಂತೆ. ಶಾಲೆಯ ಪ್ರವಾಸದಲ್ಲಿ ಕೋಟೆ ಹತ್ತಿದ ಮಕ್ಕಳು ಮೊದಲು ಕೇಳುವುದು ಓಬವ್ವನ ಕಿಂಡಿ, ಆಮೇಲೆ ರಾಮಾಚಾರಿ ಓಡಾಡಿದ ಬಂಡೆ. ಮದಕರಿನಾಯಕನ ಸರದಿ ಮೂರನೆಯದು! ಹುಡುಗಿಯ ಅಜ್ಜಿ ಆ ಚಿತ್ರವನ್ನು 1972ರಲ್ಲಿ ಬಂದ ಹೊಸದರಲ್ಲೇ ನೋಡಿದ್ದರಂತೆ. ಮತ್ತೆ ನೋಡಬೇಕೆಂದು ಹಟ ಹಿಡಿದು ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು. ಆಗ ಅವಳು ಹತ್ತನೆಯ ತರಗತಿ. ದಸರಾ ರಜೆಯ ನಂತರ ಪ್ರಬಂಧ ಬರೆಸಿದಾಗ, ಉಳಿದವರೆಲ್ಲ ‘ರಾಜಕುಮಾರ’, ‘ಮುಂಗಾರು ಮಳೆ’ ಎಂದು ಬರೆದರೆ ಇವಳೊಬ್ಬಳು ‘ನಾಗರಹಾವು’ ಹಿಡಿದು ಕೂತಿದ್ದಳು.

ಒಂದೂವರೆ ಪುಟ. ಒತ್ತಕ್ಷರದ ಜಾಗದಲ್ಲಿ ದೀರ್ಘ, ‘ಭ’ ಇರಬೇಕಾದಲ್ಲಿ ‘ಬ’. ಆದರೆ ಬರೆದದ್ದು ಇದು: ‘ಚಾಮಯ್ಯ ಮೇಷ್ಟ್ರು ತುಂಬಾ ಒಳ್ಳೆಯವರು. ಅಂಥ ಮೇಷ್ಟ್ರು ನಮಗೂ ಇರಬೇಕು ಅನ್ನಿಸುತ್ತದೆ. ಅಜ್ಜಿ ಅವರನ್ನು ನೋಡಿ ಅತ್ತರು. ನಾನು ಅಳಲಿಲ್ಲ. ನನಗೆ ಅಲಮೇಲುವಿನ ಚಿಂತೆ ಆಯಿತು. ರಾಮಾಚಾರಿಗೆ ತಂಗಿಯನ್ನು ಕೊಡುತ್ತೇನೆಂದು ಅಣ್ಣ ಮಾತು ಕೊಟ್ಟ. ಜಾತಿ ಬೇರೆ ಎಂದು ಅವನೇ ಮಾತು ತಪ್ಪಿದ. ಬಿಟ್ಟುಬಿಡು ಎಂದು ಮೇಷ್ಟ್ರು ಹೇಳಿದರು. ರಾಮಾಚಾರಿ ಗುರುಗಳ ಮಾತಿಗೆ ಬಿಟ್ಟುಕೊಟ್ಟ. ಮೂವರೂ ಗಂಡಸರು. ಮದುವೆ ಆದವಳು ಅಲಮೇಲು. ಕಟ್ಟಿಕೊಂಡವನು ಅವಳನ್ನು ಹಾಳು ಮಾಡಿದ. ರಾಮಾಚಾರಿಯ ತ್ಯಾಗ ದೊಡ್ಡದು ಎಂದು ಎಲ್ಲರೂ ಹೇಳುತ್ತಾರೆ. ಅವನು ತ್ಯಾಗ ಮಾಡಿದ್ದು ಅವಳನ್ನಲ್ಲವೇ?’

ಓದಿ ಪೆನ್ನು ಕೆಳಗಿಟ್ಟೆ.

ನನಗೆ ಚಾಮಯ್ಯ ಮೇಷ್ಟ್ರು ಎಂದರೆ ಪ್ರಾಣ. ಅಶ್ವತ್ಥರ ಆ ಮುಖ, ಆ ಗದ್ಗದ ಧ್ವನಿ, ಮಕ್ಕಳಿಲ್ಲದ ಮನೆಯಲ್ಲಿ ಮೇಷ್ಟ್ರು ಮತ್ತು ತುಂಗಮ್ಮ ರಾಮಾಚಾರಿಯನ್ನು ಮಗನಂತೆ ಕಾಣುವ ರೀತಿ! ಬಿ.ಎಡ್. ಸೇರಿದಾಗ ಮನಃಶಾಸ್ತ್ರದ ಪುಸ್ತಕದಲ್ಲಿ ‘ಆದರ್ಶ ಶಿಕ್ಷಕ’ ಎಂಬ ಪಾಠ ಬಂದರೆ ನನ್ನ ಕಣ್ಣ ಮುಂದೆ ಬರುತ್ತಿದ್ದವರು ಅವರೇ. ಊರೆಲ್ಲ ಹಾವು ಎಂದು ದೂರ ಇಟ್ಟ ಹುಡುಗನನ್ನು ಅವರೊಬ್ಬರೇ ಹತ್ತಿರ ಕರೆದರು. ಹಾಗಾಗಿಯೇ ಅವರ ಮಾತು ಅವನಿಗೆ ವೇದವಾಕ್ಯವಾಯಿತು. ಅಷ್ಟು ಸಲ ನೋಡಿದರೂ, ಆ ವೇದವಾಕ್ಯದ ಹೊರೆ ಯಾರ ತಲೆಯ ಮೇಲೆ ಬಿತ್ತು ಎಂದು ನೋಡುವಂತೆ ಪುಟ್ಟಣ್ಣನವರು ಬಿಟ್ಟಿರಲಿಲ್ಲ. ನಮ್ಮ ಕಣ್ಣೀರೆಲ್ಲ ಗುರುಶಿಷ್ಯರಿಗೇ ಖರ್ಚಾಗಿಬಿಡುತ್ತಿತ್ತು. ಹಾಗೆಂದು ಪುಟ್ಟಣ್ಣನವರನ್ನು ನಾನು ದೂರಲಾರೆ. ಅಲಮೇಲು ಮುಂದೆ ಎಂಥ ಸ್ಥಿತಿಯಲ್ಲಿ ರಾಮಾಚಾರಿಯ ಕಣ್ಣಿಗೆ ಬಿದ್ದಳು ಎಂಬುದನ್ನೂ ತೋರಿಸಿದವರು ಅವರೇ. ಅಲ್ಲಿಂದಲೇ ಹುಡುಗಿ ಎಳೆ ಹಿಡಿದದ್ದು.

ಸ್ಟಾಫ್ ರೂಮಿನಲ್ಲಿ ಪ್ರಬಂಧ ಕೈಯಿಂದ ಕೈಗೆ ಹೋಯಿತು. “ಗುರುಗಳ ಬಗ್ಗೆ ಹೀಗೆಲ್ಲಾ ಬರೆಯೋದೇ? ನಾಳೆ ನಮ್ಮ ಬಗ್ಗೆಯೂ ಬರೀತಾಳೆ” ಎಂದರು ಹಿರಿಯ ಮೇಷ್ಟ್ರೊಬ್ಬರು. ಗಣಿತದ ಮೇಡಂ ಮಾತ್ರ, “ಲೆಕ್ಕ ಸರಿಯಾಗೇ ಇದೆಯಲ್ಲಾ ಸರ್” ಎಂದು ಚಹಾ ಹೀರಿದರು. ನಾನು ಹತ್ತಕ್ಕೆ ಒಂಬತ್ತು ಕೊಟ್ಟೆ. ಒಂದು ಅಂಕ ಕಳೆದದ್ದು ‘ಭ’ಕ್ಕಾಗಿ.

ಮಾರನೆಯ ದಿನ ಹುಡುಗಿಯನ್ನು ಕರೆದು, ಈ ಕಥೆ ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳಿಂದ ಬಂದದ್ದು ಎಂದು ಹೇಳಿದೆ. ಸಿನಿಮಾ ನೋಡಿದ ತ.ರಾ.ಸು. ಅವರಿಗೆ ಸಮಾಧಾನವಾಗದೆ, ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಪುಟ್ಟಣ್ಣನವರ ಮೇಲೆ ಮುನಿಸಿಕೊಂಡರು ಎಂಬ ಮಾತು ಪ್ರಸಿದ್ಧವಷ್ಟೆ. ಅದನ್ನೂ ಹೇಳಿದೆ. ಅವಳ ಕಣ್ಣು ಅರಳಿತು. “ಹಾಗಾದರೆ ಅಷ್ಟು ದೊಡ್ಡ ಸಿನಿಮಾನೂ ತಪ್ಪು ಅನ್ನಬಹುದಾ ಮೇಡಂ?” ಎಂದಳು. ತಪ್ಪು ಎನ್ನುವುದಕ್ಕಲ್ಲ, ನಿನಗೆ ಕಂಡದ್ದನ್ನು ಹೇಳುವುದಕ್ಕೆ ಎಂದೆ. ಕಂಡದ್ದಕ್ಕೆ ಚಿತ್ರದೊಳಗಿನಿಂದಲೇ ಆಧಾರ ಕೊಡಬೇಕು, ಅದಿಲ್ಲದಿದ್ದರೆ ಅದು ಹರಟೆ ಎಂದೂ ಸೇರಿಸಿದೆ. ಅಂದಿನಿಂದ ನೋಡಿದ ಚಿತ್ರಗಳ ಬಗ್ಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಳು. ‘ಗೆಜ್ಜೆಪೂಜೆ’ಯ ಚಂದ್ರಾಳನ್ನು ಕಂಡು ಮೂರು ಪುಟ. ‘ಬಂಗಾರದ ಮನುಷ್ಯ’ಕ್ಕೆ ಅರ್ಧ ಪುಟ, ಅದೂ ಅಜ್ಜಿಗೆ ಹೆದರಿ!

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಯಿತು. ಒಂದು ಮಧ್ಯಾಹ್ನ ಹುಡುಗಿಯ ತಾಯಿ ನಮ್ಮ ಮನೆಗೆ ಬಂದರು. ಉರಿಬಿಸಿಲು. ಮಜ್ಜಿಗೆ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು ವಿಷಯಕ್ಕೆ ಬಂದರು. ಮಗಳು ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಪಿ.ಯು.ಸಿ. ಓದುತ್ತೇನೆ ಎನ್ನುತ್ತಾಳೆ, ಮನೆಯಲ್ಲಿ ಅಜ್ಜಿಗೆ ಕೈಲಾಗದು, ಅವರಪ್ಪನಿಗೆ ಇಷ್ಟವಿಲ್ಲ, ಒಂದು ವರ್ಷ ಮನೆಯಲ್ಲಿದ್ದು ಹೊಲಿಗೆ ಕಲಿಯಲಿ, ಮುಂದೆ ನೋಡೋಣ. “ನಾವು ಹೇಳಿದ್ರೆ ಕೇಳಲ್ಲ ಮೇಡಂ. ನೀವಂದ್ರೆ ಅವಳಿಗೆ ದೇವರು. ನೀವೊಂದು ಮಾತು ಹೇಳಿಬಿಡಿ, ತೆಪ್ಪಗಾಗ್ತಾಳೆ.”

ಮೂವತ್ತು ವರ್ಷದ ನೌಕರಿಯಲ್ಲಿ ಈ ‘ಒಂದು ಮಾತು’ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲೇ ಹೆಚ್ಚು. ಮೇಷ್ಟರ ಮೇಲಿನ ಪ್ರೀತಿ ಎಂಥ ಗಟ್ಟಿ ಹಗ್ಗ ಎಂದು ತಂದೆ ತಾಯಿಯರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆ ತಾಯಿಯನ್ನೂ ನಾನು ಬೈಯಲಾರೆ. ಅತ್ತೆಯ ಆರೈಕೆ, ಕೂಲಿ, ಅಡುಗೆ, ಎಲ್ಲವೂ ಅವರೊಬ್ಬರ ಬೆನ್ನ ಮೇಲೆ. ಅವರ ಕಷ್ಟ ಸುಳ್ಳಲ್ಲ.

“ನೋಡಿ ಅಮ್ಮ, ಆ ಮಾತು ನಾನು ಹೇಳಲಾರೆ. ಅವಳನ್ನೇ ಕರೆಸಿ. ಅವಳು ನಿಮಗೆ ಹೇಳಲಿ, ನೀವು ಅವಳಿಗೆ ಹೇಳಿ. ನಾನು ಇಲ್ಲೇ ಕೂತಿರುತ್ತೇನೆ” ಎಂದೆ. ಅವರ ಮುಖ ಸಪ್ಪಗಾಯಿತು. ಮೇಡಂ ಕೈಬಿಟ್ಟರು ಅನ್ನಿಸಿರಬೇಕು. ಆದರೂ ಭಾನುವಾರ ಮಗಳನ್ನು ಕರೆದುಕೊಂಡು ಬಂದರು, ಜೊತೆಗೆ ಅವರ ಯಜಮಾನರೂ ಬಂದರು. ಎರಡು ಗಂಟೆ ಮಾತಾಯಿತು. ಅಳು, ಸಿಟ್ಟು, ಬಸ್ ಚಾರ್ಜು, ಹಾಸ್ಟೆಲಿನ ಅರ್ಜಿ, ನೆಂಟರ ಮಾತು, ಎಲ್ಲ ಬಂತು. ಹುಡುಗಿಯೇ ಮಾತಾಡಿದಳು. ಅಲಮೇಲುವಿನ ಬಗ್ಗೆ ಬರೆದಂತೆ ಒಂದೊಂದಾಗಿ, ಆಧಾರ ಸಮೇತ. ನಡುವೆ ಅವರಪ್ಪ ನನ್ನ ಕಡೆ ತಿರುಗಿ, “ನೀವೇನಂತೀರಿ ಮೇಡಂ?” ಎಂದರು. “ನಾನು ಅನ್ನೋದು ಏನಿದೆ, ಓದುವವಳು ಅವಳು” ಎಂದೆ. ಹಾಸ್ಟೆಲಿನ ಅರ್ಜಿ ತುಂಬಲು ಮಾತ್ರ ನೆರವಾಗುತ್ತೇನೆ ಎಂದೆ.

ಅಂದು ತೀರ್ಮಾನವೇನೂ ಆಗಲಿಲ್ಲ. ಹದಿನೈದು ದಿನ ಕಳೆದ ಮೇಲೆ, ಕೊನೆಗೆ ಗಂಟು ಬಿಡಿಸಿದವರು ಅವಳ ಅಜ್ಜಿಯಂತೆ. ‘ನನ್ನ ನೆಪ ಹೇಳಿ ಮಗೂನ್ನ ಕಟ್ಟಿ ಹಾಕ್ಬೇಡ್ರೋ’ ಎಂದು ಊಟ ಬಿಟ್ಟು ಕೂತರಂತೆ. ಜೂನ್‌ನಲ್ಲಿ ಹುಡುಗಿ ದಾವಣಗೆರೆಗೆ ಹೋದಳು. ಆರ್ಟ್ಸ್ ತೆಗೆದುಕೊಂಡಳು.

ಆ ವರ್ಷದ ದೀಪಾವಳಿಗೆ ಬಂದಾಗ ಹೊಸ ನೋಟ್‌ಬುಕ್ಕು ತೋರಿಸಿದಳು. ‘ಸರ್ಪಮತ್ಸರ’ ಓದಿ ಮುಗಿಸಿದ್ದಳು. ಚಾಮಯ್ಯ ಮೇಷ್ಟ್ರ ವಿಷಯದಲ್ಲಿ ಅಭಿಪ್ರಾಯ ಬದಲಾಯಿತೇ ಎಂದು ಕೇಳಿದೆ. “ಇಲ್ಲ ಮೇಡಂ, ಆದರೆ ಈ ಸಲ ನಾನೂ ಅತ್ತೆ” ಎಂದಳು. ‘ಭ’ ಮಾತ್ರ ಇನ್ನೂ ‘ಬ’ವಾಗಿಯೇ ಇತ್ತು.